ಎಂಜಿನ್ ತಣ್ಣಗಿರಲಿ, ಬೆಳಗ್ಗೆ ಬರುತ್ತೇನೆ

ಸೆಕೆಂಡ್ ಹ್ಯಾಂಡ್ ಸೆಡಾನ್ ತಗೊಳ್ಳಬೇಕು ಅಂತ ಅಂದುಕೊಂಡ ಮೇಲೆ ನಾನು ತಕ್ಷಣ ಗಾಡಿ ನೋಡಲು ಹೋಗಲಿಲ್ಲ. ನನ್ನ ಮನಸ್ಸಲ್ಲಿದ್ದ ಮಾಡೆಲ್ ಓಡಿಸುವ ಇಬ್ಬರನ್ನು ಮತ್ತು ಅದನ್ನು ರಿಪೇರಿ ಮಾಡಿ ಪಳಗಿದ ಒಬ್ಬ ಮೆಕ್ಯಾನಿಕ್‌ರನ್ನು ಹಿಡಿದು ಕೂತೆ. 'ಇದಕ್ಕೆ ಏನೇನು ಕಾಯಿಲೆ ಬರುತ್ತದೆ' ಅನ್ನುವುದೊಂದೇ ನನ್ನ ಪ್ರಶ್ನೆ. ಮೂವರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ. ಮುಂದಿನ ಲೋಯರ್ ಆರ್ಮ್ ಬುಷ್ (ಚಕ್ರವನ್ನು ಹಿಡಿದಿರುವ ತೋಳಿನ ಕೀಲಿನ ರಬ್ಬರ್) ಬೇಗ ಸವೆಯುತ್ತದೆ. ಹಿಂದಿನ ಲೈಟಿನ ಸುತ್ತಲ ರಬ್ಬರ್ ಗಟ್ಟಿಯಾಗಿ ಡಿಕ್ಕಿಗೆ ನೀರು ಇಳಿಯುತ್ತದೆ. ಎಂಜಿನ್ ಮೇಲ್ಮುಚ್ಚಳದ ಸೀಲ್, ಅಂದರೆ ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಆಯಿಲ್ ಜಿನುಗುತ್ತದೆ. ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ಯಾರೂ ದೂರಲಿಲ್ಲ.

ಈ ಪಟ್ಟಿ ಕೈಯಲ್ಲಿದ್ದದ್ದೇ ನನಗೆ ಆದ ದೊಡ್ಡ ಉಪಕಾರ. ಮಾಡೆಲ್‌ನ ಕಾಯಿಲೆ ಬೇರೆ, ಆ ಒಂದು ಗಾಡಿಯ ಕಾಯಿಲೆ ಬೇರೆ. ಮೊದಲನೆಯದು ಗೊತ್ತಿರುವಂಥದ್ದು, ಔಷಧಿಯೂ ಇದೆ. ಎರಡನೆಯದು ಹಿಂದಿನ ಮಾಲೀಕರು ಹೇಗೆ ನೋಡಿಕೊಂಡರು ಅನ್ನುವುದರ ಫಲ. ನಾನು ಹೆದರುವುದು ಅದಕ್ಕೇ.

ಮೊದಲ ಗಾಡಿ ನೋಡಲು ಹೊರಡುವ ಮುಂಚೆ ಫೋನ್‌ನಲ್ಲಿ ಮಾಲೀಕರನ್ನು ಕೇಳಿಕೊಂಡಿದ್ದೆ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟರೆ ಬಿಸಿ. "ಸುಮ್ನೆ ಸ್ವಲ್ಪ ಪಕ್ಕಕ್ಕೆ ತೆಗೆದೆ ಸರ್" ಅಂದರು. ಪಕ್ಕಕ್ಕೆ ತೆಗೆದದ್ದಕ್ಕೆ ಬಾನೆಟ್ ಅಷ್ಟು ಕಾಯುವುದಿಲ್ಲ. ಮಾತು ಬೆಳೆಸದೆ, ನಾಳೆ ಬೆಳಗ್ಗೆ ಬರುತ್ತೇನೆ ಅಂತ ಹೇಳಿ ಬಂದೆ.

ಮರುದಿನ ಸೆಲ್ಫ್ ಹೊಡೆದ ಕೂಡಲೇ ಎಂಜಿನ್ನಿನ ಒಂದು ಪಕ್ಕದಿಂದ ಕರಕರ ಸದ್ದು. ಎರಡು ಮೂರು ಸೆಕೆಂಡ್ ಅಷ್ಟೇ, ಆಮೇಲೆ ನಿಂತಿತು. ಅದು ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಸದ್ದು. ಆಯಿಲ್ ಪ್ರೆಷರ್ ಬರುವವರೆಗೆ ಸವೆದ ಚೈನ್, ಅದನ್ನು ಬಿಗಿಹಿಡಿಯುವ ಟೆನ್ಷನರ್ ಹೀಗೆ ಅಲ್ಲಾಡುತ್ತವೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಒಂದು ಸಲ ಭುಸ್ಸೆಂದು ಬಂದು ಹೋಯಿತು. ರಾತ್ರಿಯೆಲ್ಲ ವಾಲ್ವ್ ಸೀಲ್ ಸಂದಿಯಿಂದ ಇಳಿದ ಆಯಿಲ್ ಬೆಳಗ್ಗೆ ಉರಿದರೆ ಹಾಗೇ ಆಗುವುದು. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿದೆ. ಒಳಗೆಲ್ಲ ಟಾರಿನಂಥ ಕಪ್ಪು ಗಸಿ. ಯಾರೂ ದೂರು ಹೇಳದ ಅದೇ ಎಂಜಿನ್ ಇದು. ಆಯಿಲ್ ಬದಲಿಸದೆ ಓಡಿಸಿ ಹಾಳು ಮಾಡಿದ್ದಾರೆ, ಅಷ್ಟೇ. ನೋಡಿ ಬೇಜಾರಾಯಿತು. ಹಿಂದಿನ ದಿನ ಬಿಸಿ ಎಂಜಿನ್ ಕೇಳಿ ಒಪ್ಪಿಕೊಂಡಿದ್ದರೆ ಇದ್ಯಾವುದೂ ನನಗೆ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಎರಡನೆಯ ಗಾಡಿ ಹೊಳೆಯುತ್ತಿತ್ತು. ಎಂಜಿನ್ ತಣ್ಣಗಿತ್ತು, ಸದ್ದಿಲ್ಲ, ಹೊಗೆ ಇಲ್ಲ. ನನಗೆ ಆಗಲೇ ಆಸೆ ಹುಟ್ಟಿತ್ತು. ಸ್ಟಿಯರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ, ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಸ್ಕ್ಯಾನರ್ ಚುಚ್ಚಿದೆ. ಫಾಲ್ಟ್ ಕೋಡ್ ಒಂದೂ ಇಲ್ಲ. ಬಹಳ ಜನ ಇಲ್ಲಿಗೇ ಸ್ಕ್ಯಾನರ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಅದರಲ್ಲೇ 'ರೆಡಿನೆಸ್' ಅಂತ ಇನ್ನೊಂದು ಪುಟ ಇರುತ್ತದೆ. ಗಾಡಿಯ ಕಂಪ್ಯೂಟರ್ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಎಲ್ಲವನ್ನೂ ತಾನೇ ಪರೀಕ್ಷೆ ಮಾಡಿ ಮುಗಿಸಿದೆಯೇ ಅಂತ ಅಲ್ಲಿ ತೋರಿಸುತ್ತದೆ. ಈ ಗಾಡಿಯಲ್ಲಿ ಸಾಲಾಗಿ 'ಮುಗಿದಿಲ್ಲ' ಅಂತಲೇ ಇತ್ತು. ಅಂದರೆ ಯಾರೋ ಇತ್ತೀಚೆಗೆ ಮೆಮೊರಿ ಅಳಿಸಿದ್ದಾರೆ. ಬ್ಯಾಟರಿ ಕಳಚಿದರೂ ಹೀಗಾಗಬಹುದು, ಅದಕ್ಕೇ ಕೇಳಿದೆ. "ಹೊಸ ಬ್ಯಾಟರಿ ಹಾಕಿಸಿದ್ದೀನಿ ಸರ್" ಅಂದರು. ಬಾನೆಟ್ ಎತ್ತಿ ನೋಡಿದರೆ ಟರ್ಮಿನಲ್ ಮೇಲೆ ಬಿಳಿ ಪುಡಿ ದಪ್ಪಗೆ ಕಟ್ಟಿತ್ತು, ಹೊಸ ಬ್ಯಾಟರಿಯ ಲಕ್ಷಣವಲ್ಲ ಅದು. ಆ ಪರೀಕ್ಷೆಗಳು ಮುಗಿಯಲಿ, ಒಂದು ವಾರ ನೀವೇ ಓಡಿಸಿ, ಮತ್ತೆ ಬಂದು ಸ್ಕ್ಯಾನ್ ಮಾಡುತ್ತೇನೆ ಅಂದೆ. ಅವರು ತಿರುಗಿ ಫೋನ್ ಮಾಡಲಿಲ್ಲ.

ಮೂರನೆಯದನ್ನು ಬೇರೆಯವರು ನೋಡಿದ್ದರೆ ಬೇಡ ಅನ್ನುತ್ತಿದ್ದರೋ ಏನೋ. ಹಂಪ್ ಹತ್ತಿಸಿದರೆ ಮುಂದಿನಿಂದ ಲೊಟಕ್ ಅನ್ನುವ ಸದ್ದು. ಡಿಕ್ಕಿಯ ಕಾರ್ಪೆಟ್ ಎತ್ತಿದರೆ ಸ್ಟೆಪ್ನಿ ಗುಂಡಿಯಲ್ಲಿ ಒಂದು ಲೋಟದಷ್ಟು ನೀರು. ವಾಲ್ವ್ ಕವರ್ ಅಂಚಲ್ಲಿ ಆಯಿಲ್ ಪಸೆಗೆ ಧೂಳು ಮೆತ್ತಿಕೊಂಡಿತ್ತು. ನನ್ನ ಪಟ್ಟಿಯ ಮೂರೂ ಕಾಯಿಲೆ ಅಲ್ಲಿದ್ದವು. ನಾಲ್ಕನೆಯದು ಇದೆಯಾ ಅಂತ ಎರಡು ಗಂಟೆ ಹುಡುಕಿದೆ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆಗೆ ಸರಿಯಾಗಿತ್ತು. ಮುಚ್ಚಳದ ಒಳಗೆ ಗಸಿಯೂ ಇಲ್ಲ, ಎಂಜಿನ್ ತಂಪಿಡುವ ಕೂಲೆಂಟ್ ಬೆರೆತರೆ ಕಾಣುವ ಬಿಳಿ ನೊರೆಯೂ ಇಲ್ಲ. ಕೂಲೆಂಟ್ ಬಣ್ಣ ಕೆಟ್ಟಿರಲಿಲ್ಲ, ಅಂದರೆ ಯಾರೂ ಬರೀ ನೀರು ಸುರಿದಿಲ್ಲ. ಮೀಟರ್ 92,000 ಕಿ.ಮೀ. ತೋರಿಸುತ್ತಿತ್ತು. ಕ್ಲಚ್ ಪೆಡಲ್ ರಬ್ಬರ್, ಸ್ಟಿಯರಿಂಗ್ ಹಿಡಿ, ಡ್ರೈವರ್ ಸೀಟಿನ ಅಂಚು, ಮೂರರ ಸವೆತವೂ ಅದಕ್ಕೆ ಹೊಂದುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನಂಬಿಕೆ ಹುಟ್ಟಿಸಿದ್ದು ಸರ್ವಿಸ್ ಬಿಲ್‌ಗಳ ಕಟ್ಟು. ಪ್ರತಿ 10,000 ಕಿ.ಮೀ. ಆಸುಪಾಸಿಗೆ ಒಂದೊಂದು ಬಿಲ್, ಕಿ.ಮೀ. ಸಂಖ್ಯೆ ಒಂದು ಕಡೆಯೂ ಹಿಂದಕ್ಕೆ ಹೋಗಿಲ್ಲ.

ಡಿಕ್ಕಿಯಲ್ಲಿ ನೀರು ಇದ್ದದ್ದರಿಂದ ಪ್ರವಾಹದ ಅನುಮಾನವನ್ನೂ ತೀರಿಸಿಕೊಳ್ಳಬೇಕಿತ್ತು. ಸೀಟ್ ಬೆಲ್ಟ್‌ಗಳನ್ನು ಕೊನೆಯವರೆಗೆ ಎಳೆದು ನೋಡಿದೆ, ಕೆಸರಿನ ಕಲೆ ಇಲ್ಲ. ಸೀಟಿನ ಕೆಳಗಿನ ರೈಲಿಗೆ ತುಕ್ಕು ಇಲ್ಲ. ಸ್ಕ್ಯಾನರ್‌ನ ರೆಡಿನೆಸ್ ಪುಟ ಪೂರ್ತಿ ಮುಗಿದಿತ್ತು. ಟೈರ್ ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕೂ ಟೈರ್ ಒಂದೇ ವರ್ಷದವು. ಒಂದು ಬಾಗಿಲಿಗೆ ಮತ್ತೆ ಪೇಂಟ್ ಆಗಿತ್ತು, ಆದರೆ ಹಿಂಜ್‌ನ ಬೋಲ್ಟ್ ತಲೆ ಮೇಲೆ ಸ್ಪ್ಯಾನರ್ ಗುರುತಿರಲಿಲ್ಲ, ಅಂದರೆ ಬಾಗಿಲು ಬಿಚ್ಚಿದ ಹಾಗಿರಲಿಲ್ಲ. ಗೀರಾಗಿತ್ತು ಅಂದ ಮಾಲೀಕರ ಮಾತನ್ನು ನಂಬಿದೆ.

ಓಡಿಸುವಾಗ ಸ್ಟಿರಿಯೋ ಆಫ್ ಮಾಡಿ, ಕಿಟಕಿ ಇಳಿಸಿದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿದಾಗ ಟಕ್‌ಟಕ್ ಬರಲಿಲ್ಲ, ಹಾಗಾಗಿ ಆಕ್ಸಲ್ ಜಾಯಿಂಟ್ ಸರಿ ಇದೆ. ಟಾಪ್ ಗೇರ್‌ನಲ್ಲಿ ಏರು ಹತ್ತಿಸಿ ಜೋರಾಗಿ ಆಕ್ಸಿಲರೇಟರ್ ಒತ್ತಿದೆ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಇದರಲ್ಲಿ ಹಾಗಾಗಲಿಲ್ಲ. ಬ್ರೇಕ್ ಒತ್ತಿದಾಗ ಕೈಯಲ್ಲಿದ್ದ ಸ್ಟಿಯರಿಂಗ್ ನಡುಗಲಿಲ್ಲ.

ಕೊನೆಗೆ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿದೆವು. ಸೆಡಾನ್‌ಗಳ ಹೊಟ್ಟೆ ತಗ್ಗಾಗಿರುತ್ತದೆ, ಅದಕ್ಕೇ ಎಂಜಿನ್ ಅಡಿಯ ಆಯಿಲ್ ಸಂಪ್ (ಆಯಿಲ್ ನಿಲ್ಲುವ ತೊಟ್ಟಿ) ನೋಡದೆ ಬಿಡಬಾರದು. ಗೀರು ಇತ್ತು, ತಗ್ಗು ಬಿದ್ದಿರಲಿಲ್ಲ. ಅವರು ಲೋಯರ್ ಆರ್ಮ್‌ಗೆ ರಾಡ್ ಕೊಟ್ಟು ಮೀಟಿದಾಗ ಬುಷ್‌ನ ರಬ್ಬರ್ ಬಾಯಿ ಬಿಟ್ಟದ್ದು ಕಣ್ಣಿಗೇ ಕಾಣಿಸಿತು. "ಸದ್ದು ಇದೇ, ಬೇರೇನಿಲ್ಲ" ಅಂದರು. ಅವತ್ತೇ ಮಾತು ಮುಗಿಸಿದೆ.

ಮೊದಲ ವಾರದಲ್ಲೇ ಎರಡೂ ಕಡೆ ಬುಷ್, ಲೈಟಿನ ರಬ್ಬರ್, ವಾಲ್ವ್ ಕವರ್ ಗ್ಯಾಸ್ಕೆಟ್ ಬದಲಿಸಿದೆ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಬಿಲ್‌ನಲ್ಲಿ ಅದರ ಹೆಸರು ಕಾಣದ ಕಾರಣ ಅದನ್ನೂ ಬದಲಿಸಿದೆ. ಈಗ 18,000 ಕಿ.ಮೀ. ಓಡಿಸಿದ್ದೇನೆ. ಎರಡು ಸರ್ವಿಸ್ ನಡುವೆ ಆಯಿಲ್ ಇಳಿಯುವುದು ಕಾಣುವುದೇ ಇಲ್ಲ. ಹೋದ ವಾರ ಹಿಂದಿನ ಎಡ ಶಾಕ್‌ಅಬ್ಸಾರ್ಬರ್ ಆಯಿಲ್ ಸೋರಿ ಒದ್ದೆ ಕಂಡಿತು, ಜೋಡಿಯಾಗಿ ಬದಲಿಸಲು ಹೇಳಿದ್ದೇನೆ.