ಗಡ್ಡೆ ತೆಗೆದೆ, ನರ ಉಳಿಸಿದೆ

ಎದೆಯ ಹಿಂಭಾಗದಲ್ಲಿ, ಬೆನ್ನುಮೂಳೆಯ ಮಗ್ಗುಲಲ್ಲಿ ಬೆಳೆಯುವ ನರಗಡ್ಡೆಗಳು ವಯಸ್ಕರಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಹೆಚ್ಚಿನವು ನರದ ಹೊದಿಕೆಯಲ್ಲಿ ಹುಟ್ಟುವ ಶ್ವಾನೋಮಾಗಳು. ಎಷ್ಟೋ ಸಲ ಬೇರೆ ಕಾರಣಕ್ಕೆ ತೆಗೆಸಿದ ಎಕ್ಸ್‌ರೇಯಲ್ಲಿ ಮೊದಲು ಕಾಣುತ್ತವೆ. ನನ್ನ ಬಳಿ ಬಂದ ಆ ಹೆಣ್ಣುಮಗಳಿಗೂ ಹಾಗೆಯೇ ಆಗಿತ್ತು. ಹೊಲಿಗೆ ಅವರ ಕಸುಬು. ಗಡ್ಡೆ ಇದ್ದದ್ದು ಬಲ ಎದೆಗೂಡಿನ ತುತ್ತತುದಿಯಲ್ಲಿ.

ಆ ಜಾಗವೇ ನನ್ನನ್ನು ಯೋಚನೆಗೆ ಹಚ್ಚಿತು. ಎದೆಯ ಮೊದಲ ನರ ಅಲ್ಲಿಂದ ಕೈಗೆ ಹೋಗುತ್ತದೆ. ಬೆರಳುಗಳ ನಯವಾದ ಕೆಲಸಕ್ಕೆ ಅದು ಬೇಕೇ ಬೇಕು. ಪಕ್ಕದಲ್ಲೇ ಸ್ಟೆಲ್ಲೇಟ್ ಗ್ಯಾಂಗ್ಲಿಯನ್ ಎಂಬ ನರಗಂಟು. ಅದಕ್ಕೆ ಪೆಟ್ಟಾದರೆ ಆ ಬದಿಯ ರೆಪ್ಪೆ ಜೋತುಬೀಳುತ್ತದೆ, ಪಾಪೆ ಕಿರಿದಾಗುತ್ತದೆ. ಒಪ್ಪಿಗೆಪತ್ರಕ್ಕೆ ಮುಂಚೆ ಇದನ್ನೆಲ್ಲ ಎದುರು ಕೂತು ಹೇಳಿದೆ. “ಸೂಜಿಗೆ ದಾರ ಪೋಣಿಸಲು ಆಗುತ್ತದಲ್ಲವೇ, ಡಾಕ್ಟರೇ?” ಎಂದರು. ಆಗದೆ ಹೋಗುವ ಸಾಧ್ಯತೆಯೂ ಇದೆ, ಹಾಗಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ ಎಂದೆ.

ಸಿಟಿ ಸ್ಕ್ಯಾನ್ ಒಂದನ್ನೇ ನಂಬಿ ನಾನು ಈ ಗಡ್ಡೆಗಳಿಗೆ ಕೈಹಾಕುವುದಿಲ್ಲ. ಕೆಲವು ಗಡ್ಡೆಗಳು ಬೆನ್ನುಮೂಳೆಯ ಕಶೇರುಗಳ ನಡುವಿನ ರಂಧ್ರದೊಳಕ್ಕೆ ನುಗ್ಗಿ ಡಂಬೆಲ್ ಆಕಾರ ತಾಳಿರುತ್ತವೆ. ಎದೆಯ ಕಡೆಯಿಂದ ಎಳೆದರೆ ಬೆನ್ನುಹುರಿಗೇ ಅಪಾಯ. ಅಂಥಲ್ಲಿ ನರಶಸ್ತ್ರಚಿಕಿತ್ಸಕರು ಜೊತೆಗಿರಬೇಕು. ಇವರ ಎಂಆರ್‌ಐಯಲ್ಲಿ ಗಡ್ಡೆ ರಂಧ್ರದಿಂದ ಹೊರಗೇ ಇತ್ತು.

ಅರಿವಳಿಕೆ ತಜ್ಞರು ಬಲ ಶ್ವಾಸಕೋಶವನ್ನು ಕುಗ್ಗಿಸಿ ಎಡದ್ದರಲ್ಲಿ ಉಸಿರಾಟ ನಡೆಸಿದರು. ಮೂರು ಸಣ್ಣ ಕೊಯ್ತಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಗೆ ಬಿಟ್ಟೆ. ಎದೆಗೂಡಿನ ಒಳಮೈಯ ಪ್ಲೂರಾ ಪೊರೆ ಸೀಳಿದ ಮೇಲೆ, ಗಡ್ಡೆಯ ಮೇಲೆ ಹರಡಿದ್ದ ನರದ ಎಳೆಗಳನ್ನು ತಪ್ಪಿಸಿ, ಅದರ ಕವಚವನ್ನು ನರದ ಉದ್ದಕ್ಕೇ ಕೊಯ್ದೆ. ಬೆಂದ ಕಡಲೆಕಾಯಿಯಿಂದ ಬೀಜ ಬಿಡಿಸಿದಂತೆ ಒಳಗಿನ ಹಳದಿ ಗಡ್ಡೆಯನ್ನಷ್ಟೇ ಬಿಡಿಸಿಕೊಂಡೆ. ಕವಚ ನರದೊಂದಿಗೇ ಉಳಿಯಿತು. ಕೆಳಗಿನ ಪಕ್ಕೆಲುಬುಗಳ ನಡುವಿನ ನರವಾಗಿದ್ದರೆ ನರಸಮೇತ ಕತ್ತರಿಸುತ್ತಿದ್ದೆ, ಅದು ಬೇಗ ಮುಗಿಯುತ್ತದೆ. ಅಲ್ಲಿ ನಷ್ಟವೆಂದರೆ ಸಾಮಾನ್ಯವಾಗಿ ಒಂದು ಪಟ್ಟಿಯಷ್ಟು ಚರ್ಮ ಜೋಮುಗಟ್ಟುವುದು.

ಸುಟ್ಟು ರಕ್ತ ನಿಲ್ಲಿಸುವ ಕಾಟರಿಯನ್ನು ನರದ ಹತ್ತಿರ ಒಯ್ಯಲಿಲ್ಲ. ಒಸರುತ್ತಿದ್ದ ರಕ್ತಕ್ಕೆ ಗಾಜ್ ಒತ್ತಿ ಹಿಡಿದು ಕಾದೆ. ಕಿರಿಯ ಸಹೋದ್ಯೋಗಿಗಳಿಗೆ ಒಂದು ಮಾತು: ಕಶೇರುರಂಧ್ರದ ಬಾಯಿಗೆ ರಕ್ತ ನಿಲ್ಲಿಸುವ ಸೆಲ್ಯುಲೋಸ್ ಬಟ್ಟೆ ತುರುಕಿ ಬರಬೇಡಿ. ಅದು ಒಳಸರಿದು ಬೆನ್ನುಹುರಿಯನ್ನು ಒತ್ತಿ ರೋಗಿಯ ಕಾಲುಗಳ ಬಲವೇ ಹೋದ ಪ್ರಕರಣಗಳು ವರದಿಯಾಗಿವೆ.

ಅವರಿಗೆ ಎಚ್ಚರವಾದಾಗ ಬೆರಳು ಅಗಲಿಸಲು ಹೇಳಿದೆ; ಅಗಲಿಸಿದರು. ರೆಪ್ಪೆ ತುಸು ಇಳಿದಿತ್ತು, ಕೆಲವು ವಾರಗಳಲ್ಲಿ ಸರಿಹೋಯಿತು. ಪೆಥಾಲಜಿ ವರದಿ ಶ್ವಾನೋಮಾ ಎಂದೇ ಬಂತು. ಕವಚ ಒಳಗೆ ಬಿಟ್ಟಿರುವುದರಿಂದ ಎಂಆರ್‌ಐ ತಪಾಸಣೆಗೆ ಅವರನ್ನು ಈಗಲೂ ಕರೆಸಿಕೊಳ್ಳುತ್ತೇನೆ.