ಡಬ್ಬಿಂಗ್ ಕೆಲಸ ಬೇಕೇ? ಮೊದಲ ಮೆಸೇಜ್ ಸರಿಯಾಗಿ ಕಳಿಸಿ

ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಅಡ್ಡಿ ಇತ್ತು. ಆ ತಡೆ ಸರಿಯಲ್ಲ ಎಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಹೇಳಿತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಹಿಂದಿಯ ಪೌರಾಣಿಕ ಧಾರಾವಾಹಿಗಳು ಕನ್ನಡ ಮಾತಾಡತೊಡಗಿದವು. ಈಗ ಒಟಿಟಿ, ಕಾರ್ಟೂನ್, ಆಡಿಯೋ ಬುಕ್, ಜಾಹೀರಾತು ಎಲ್ಲದಕ್ಕೂ ದನಿ ಬೇಕು. ಒಳ್ಳೆಯ ದನಿ ಇರುವ ಹುಡುಗ ಹುಡುಗಿಯರೂ ಬೇಕಾದಷ್ಟಿದ್ದಾರೆ. ಆದರೆ ಅವರು ಇನ್‌ಸ್ಟಾಗ್ರಾಂನಲ್ಲಿ ಡಬ್ಬಿಂಗ್ ನಿರ್ದೇಶಕರಿಗೆ ಕಳಿಸುವುದು ‘ಹಾಯ್ ಸರ್, ಒಂದು ಚಾನ್ಸ್ ಕೊಡಿ’ ಅಂತ. ಇಂಥ ಮೆಸೇಜ್‌ಗಳನ್ನು ದಿನವೂ ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಅಕೌಂಟ್. ನಿಮ್ಮ ನಿಜವಾದ ಹೆಸರು, ಮುಖ ಕಾಣುವ ಫೋಟೋ, ಊರು, ಬರುವ ಭಾಷೆಗಳು. ಇಷ್ಟು ಸಾಕು. ‘ಸ್ವರ ಮಾಂತ್ರಿಕ’ ಎಂಬಂಥ ಬಿರುದುಗಳು ಬೇಡ. ದುಡ್ಡು ಕೊಟ್ಟು ಫಾಲೋವರ್ಸ್ ಕೊಳ್ಳುವ ಆಪ್‌ಗಳಂತೂ ಬೇಡವೇ ಬೇಡ. ದನಿ ಹುಡುಕುವವರು ಆ ಸಂಖ್ಯೆ ನೋಡುವುದಿಲ್ಲ.

ಹೆಜ್ಜೆ 2: ಸ್ಯಾಂಪಲ್. ಒಂದರಿಂದ ಒಂದೂವರೆ ನಿಮಿಷ. ನಿಮ್ಮ ಅತ್ಯುತ್ತಮ ತುಣುಕು ಮೊದಲ ಹತ್ತು ಸೆಕೆಂಡಿನಲ್ಲೇ ಬರಲಿ. ಹಿನ್ನೆಲೆ ಸಂಗೀತ ಹಾಕಬೇಡಿ. ಅಣ್ಣಾವ್ರ, ವಿಷ್ಣು ಅವರ ಮಿಮಿಕ್ರಿಯೂ ಬೇಡ, ನಿಮ್ಮ ದನಿ ಯಾವುದು ಅಂತ ಗೊತ್ತಾಗಬೇಕಲ್ವಾ? ದುಬಾರಿ ಮೈಕ್‌ಗೆ ಆಮೇಲೆ ಖರ್ಚು ಮಾಡಬಹುದು. ಈಗ ಫ್ಯಾನ್ ಆರಿಸಿ, ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದು ಅದರ ಮುಂದೆ ನಿಂತು ಫೋನಿನಲ್ಲೇ ರೆಕಾರ್ಡ್ ಮಾಡಿ. ಸದ್ದು ತೆಗೆಯುವ ಆಪ್‌ಗೆ ಹಾಕಿದರೆ ದನಿ ತಗಡಿನ ಡಬ್ಬದೊಳಗಿಂದ ಬಂದ ಹಾಗಾಗುತ್ತದೆ. ನಿಮ್ಮೂರಿನ ಮಾತು ಕುಂದಾಪುರದ್ದೋ ಕಲಬುರಗಿಯದ್ದೋ ಆಗಿದ್ದರೆ ಅದನ್ನು ಮುಚ್ಚಿಡದೆ ಒಂದು ತುಣುಕು ಸೇರಿಸಿ.

ಹೆಜ್ಜೆ 3: ಯಾರಿಗೆ? ಒಟಿಟಿಯಲ್ಲಿ ಎಷ್ಟೋ ಡಬ್ ಆದ ಸರಣಿಗಳ ಕೊನೆಗೆ ಕನ್ನಡ ದನಿ ಕೊಟ್ಟವರ, ಡಬ್ಬಿಂಗ್ ನಿರ್ದೇಶಕರ ಹೆಸರು ಬರುತ್ತದೆ. ಅಷ್ಟರಲ್ಲಿ ‘ಮುಂದಿನ ಎಪಿಸೋಡ್’ ಒತ್ತಿಬಿಡಬೇಡಿ. ಹೆಸರು ಬರೆದುಕೊಂಡು ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಸ್ಟಾರ್ ನಟರ ಹಿಂದೆ ಬಿದ್ದು ಪ್ರಯೋಜನವಿಲ್ಲ. ಕಲಾವಿದರನ್ನು ಹೊಂದಿಸುವ ಕೋಆರ್ಡಿನೇಟರ್, ಸಂಭಾಷಣೆ ಬರೆದವರು, ಮುಖ್ಯವಾಗಿ ಸೌಂಡ್ ಎಂಜಿನಿಯರ್, ಇವರನ್ನು ಫಾಲೋ ಮಾಡಿ. ಬರಬೇಕಾದ ಕಲಾವಿದರು ಕೈಕೊಟ್ಟಾಗ ‘ಇನ್ಯಾರಿದ್ದಾರೆ?’ ಎಂಬ ಪ್ರಶ್ನೆ ಏಳುವುದು ಎಂಜಿನಿಯರ್ ಕೂತ ಕೋಣೆಯಲ್ಲೇ.

ಹೆಜ್ಜೆ 4: ಮೊದಲ ಮೆಸೇಜ್. ಹೆಚ್ಚಿನವರು ಎಡವುವುದು ಇಲ್ಲೇ. ನಿಮ್ಮನ್ನು ಫಾಲೋ ಮಾಡದವರಿಗೆ ಕಳಿಸಿದ ಮೆಸೇಜ್ ರಿಕ್ವೆಸ್ಟ್ ಫೋಲ್ಡರ್‌ಗೆ ಹೋಗುತ್ತದೆ. ತೆರೆಯುವ ಮುಂಚೆ ಕಾಣುವುದು ಮೊದಲ ಸಾಲು ಮಾತ್ರ. ಅಲ್ಲಿ ಬರೀ ‘ಹಾಯ್’ ಇದ್ದರೆ ಯಾಕೆ ತೆರೆಯಬೇಕು? ಹೇಳಬೇಕಾದ್ದನ್ನೆಲ್ಲ ಒಂದೇ ಮೆಸೇಜ್‌ನಲ್ಲಿ ಹೇಳಿ. ಹೀಗೆ:

‘ನಮಸ್ಕಾರ ಮೇಡಂ. ನೀವು ಮಾಡಿಸಿದ ಸರಣಿಯಲ್ಲಿ ಅಜ್ಜಿಯ ಧಾರವಾಡ ಮಾತು ತುಂಬಾ ಹಿಡಿಸಿತು. ನಾನು ಹುಬ್ಬಳ್ಳಿಯವಳು, ಈಗ ರಾಜಾಜಿನಗರದಲ್ಲಿದ್ದೇನೆ. 20ರಿಂದ 35 ವಯಸ್ಸಿನ ಪಾತ್ರಗಳಿಗೆ ನನ್ನ ದನಿ ಹೊಂದುತ್ತದೆ. ನಾಟಕ ಮಾಡಿದ್ದೇನೆ, ಡಬ್ಬಿಂಗ್ ಹೊಸದು. ಸಂಜೆ 5ರ ನಂತರ ಮತ್ತು ಭಾನುವಾರ ಬರಬಲ್ಲೆ. 70 ಸೆಕೆಂಡಿನ ಸ್ಯಾಂಪಲ್ ಲಿಂಕ್ ಕೆಳಗಿದೆ. ಕ್ರೌಡ್ ವಾಯ್ಸ್‌ಗೆ ಜನ ಬೇಕಾದಾಗ ತಿಳಿಸಿ.’

ಇದರಲ್ಲಿ ಒಂದು ಸಾಲೂ ದಂಡವಲ್ಲ. ದನಿ ಹುಡುಕುವವರಿಗೆ ಬೇಕಾದದ್ದು ವಯಸ್ಸು, ಮಾತಿನ ಬಗೆ, ಎಷ್ಟು ದೂರದಿಂದ ಬರಬೇಕು, ಯಾವಾಗ ಸಿಗುತ್ತೀರಿ. ಹೊಸಬರು ಎಂಬುದನ್ನು ಮುಚ್ಚಿಡಬೇಡಿ. ತುಟಿ ಚಲನೆಗೆ ಮಾತು ಕೂರಿಸುವ ಅಭ್ಯಾಸ ಇದೆಯೋ ಇಲ್ಲವೋ ಎಂಬುದು ಮೈಕ್ ಮುಂದೆ ಮೊದಲ ಸಾಲಿಗೇ ಗೊತ್ತಾಗುತ್ತದೆ. ಕ್ರೌಡ್ ವಾಯ್ಸ್ ಅಂದರೆ ಸಂತೆ, ಮದುವೆಮನೆ ದೃಶ್ಯಗಳ ಗುಂಪಿನ ದನಿ. ಆ ಕೆಲಸ ಕೇಳುವುದರಲ್ಲಿ ಸಣ್ಣತನವೇನೂ ಇಲ್ಲ. ಸ್ಟುಡಿಯೋದ ಬಾಗಿಲು ಹೊಸಬರಿಗೆ ತೆರೆಯುವುದು ಹೆಚ್ಚಾಗಿ ಅಲ್ಲಿಂದಲೇ.

ಇನ್ನು ಲಿಂಕ್. ಗೂಗಲ್ ಡ್ರೈವ್‌ನಲ್ಲಿ ಹಾಕಿದ್ದರೆ ‘ಎನಿವನ್ ವಿತ್ ದ ಲಿಂಕ್’ ಎಂದು ಬದಲಿಸಿ. ಇಲ್ಲದಿದ್ದರೆ ಒತ್ತಿದವರಿಗೆ ‘ರಿಕ್ವೆಸ್ಟ್ ಆಕ್ಸೆಸ್’ ಎಂದು ಬರುತ್ತದೆ. ಯಾರೂ ಅನುಮತಿ ಕೇಳುತ್ತಾ ಕೂರುವುದಿಲ್ಲ, ಮುಂದಿನ ಹೆಸರಿಗೆ ಹೋಗುತ್ತಾರೆ. ನಿಮ್ಮ ಫೋನಿನಲ್ಲಿ ಅದು ಸರಿಯಾಗೇ ತೆರೆಯುತ್ತದೆ, ಹಾಗಾಗಿ ತಪ್ಪು ಗೊತ್ತಾಗುವುದಿಲ್ಲ. ಅಣ್ಣನದ್ದೋ ಗೆಳತಿಯದ್ದೋ ಫೋನಿನಲ್ಲಿ ಒತ್ತಿ ನೋಡಿ. ಫೈಲಿಗೆ ನಿಮ್ಮ ಹೆಸರು, ಭಾಷೆ ಬರೆದಿಡಿ, ‘ಫೈನಲ್ 2’ ಎಂದಿದ್ದರೆ ಯಾರದು ಅಂತ ಹೇಗೆ ಹುಡುಕುವುದು? ವಾಟ್ಸ್ಆ್ಯಪ್‌ನಲ್ಲಿ ಕೇಳಿದರೆ ಡಾಕ್ಯುಮೆಂಟ್ ಆಗಿ ಕಳಿಸಿ, ವಾಯ್ಸ್ ನೋಟ್ ಬೇಡ.

ಒಂದೇ ಮೆಸೇಜನ್ನು ಎಲ್ಲರಿಗೂ ಕಾಪಿ ಪೇಸ್ಟ್ ಮಾಡುವ ಅಡ್ಡದಾರಿಯೂ ಬೇಡ. ಮೇಡಂಗೆ ‘ಸರ್’ ಎಂದು ಹೋಗುವುದು ಹಾಗೆಯೇ.

ಉತ್ತರ ಬರಲಿಲ್ಲವೇ? ‘ನೋಡಿದ್ರಾ ಸರ್?’ ಎಂದು ಕೆದಕಬೇಡಿ. ಒಂದೆರಡು ತಿಂಗಳು ಬಿಟ್ಟು ಹೊಸ ಸ್ಯಾಂಪಲ್ ಜೊತೆ ಬರೆಯಿರಿ. ಈ ನಡುವೆ ವಾರಕ್ಕೊಂದು ಸಣ್ಣ ತುಣುಕು ಪೋಸ್ಟ್ ಮಾಡಿ, ಅವರ ಕೆಲಸ ನಿಜಕ್ಕೂ ಮೆಚ್ಚಿದ್ದರೆ ಏನು ಮೆಚ್ಚಿದಿರಿ ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ‘ಸೂಪರ್’ ಅನ್ನುವುದು ಯಾರ ನೆನಪಲ್ಲೂ ಉಳಿಯುವುದಿಲ್ಲ.

ಕೆಲಸ ಸಿಕ್ಕಿತು ಅಂದುಕೊಳ್ಳಿ. ಸ್ಟುಡಿಯೋದಲ್ಲಿ ಸೆಲ್ಫಿ ತೆಗೆದು ಹಾಕುವ ಮುಂಚೆ ಕೇಳಿ. ಹಿಂದಿನ ಪರದೆಯಲ್ಲಿ ಇನ್ನೂ ಬಿಡುಗಡೆಯಾಗದ ದೃಶ್ಯವೋ ಕೈಯಲ್ಲಿ ಸ್ಕ್ರಿಪ್ಟೋ ಕಂಡರೆ ಮತ್ತೆ ಕರೆಯುವುದಿಲ್ಲ.

ಅವಕಾಶ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವವರನ್ನು ಬ್ಲಾಕ್ ಮಾಡಿ. ಸ್ಯಾಂಪಲ್ ನೆಪದಲ್ಲಿ ಇಡೀ ಸ್ಕ್ರಿಪ್ಟ್ ಓದಿಸುವವರಿಗೆ ನಾಲ್ಕು ಸಾಲು ಓದಿ ನಿಲ್ಲಿಸಿ. ಗಂಟೆಗಟ್ಟಲೆ ಬಿಡಿಬಿಡಿ ವಾಕ್ಯಗಳನ್ನು ಓದಿಸುವವರೂ ಬಂದಿದ್ದಾರೆ, ಅದು ಎಐ ದನಿ ತಯಾರಿಸಲು ಇರಬಹುದು. ಅಂಥವರು ಬಂದರೆ, ದನಿಯನ್ನು ಎಲ್ಲೆಲ್ಲಿ, ಎಷ್ಟು ಕಾಲ ಬಳಸುತ್ತೀರಿ ಎಂದು ಮೆಸೇಜ್‌ನಲ್ಲೇ ಕೇಳಿ. ಬರಹದಲ್ಲಿ ಉತ್ತರ ಬರುವವರೆಗೆ ಒಂದು ಸಾಲೂ ರೆಕಾರ್ಡ್ ಮಾಡಿ ಕಳಿಸಬೇಡಿ.