ಒಣಗಿದ ಗಿಡವನ್ನು ಕಿತ್ತೆಸೆಯುವ ಮೊದಲು

ಶಿವರಾತ್ರಿ ಕಳೆಯಿತೆಂದರೆ ನಮ್ಮ ಉಡುಪಿಯ ಕಡೆ ಮುರಕಲ್ಲಿನ ಅಂಗಳ ಬೆಳಿಗ್ಗೆ ಹತ್ತಕ್ಕೇ ಕಾದಿರುತ್ತದೆ. ಮಾವು, ಗೇರು ಕಾಯಿ ಕಚ್ಚುವ ಈ ದಿನಗಳನ್ನು ವಸಂತ ಎನ್ನುತ್ತೇವೆ, ಆದರೆ ಚಟ್ಟಿಯ (ಕುಂಡದ) ಗಿಡಗಳಿಗೆ ಇದೇ ಕಷ್ಟದ ಕಾಲ. ಮೂವತ್ತು ವರ್ಷ ಹಿತ್ತಿಲಲ್ಲಿ ಸಣ್ಣ ನರ್ಸರಿ ಮಾಡಿಕೊಂಡು ಬಂದವಳು ನಾನು. ಹಳೆಯ ತೋಟಕ್ಕೆ ಮತ್ತೆ ಜೀವ ಕೊಡಲು ಹೊರಟವರಿಗೆ ಹೇಳುವುದು ಇಷ್ಟೇ: ಗೊಬ್ಬರದ ಚೀಲ ಬಿಚ್ಚುವ ಮೊದಲು ಬೇರಿಗೆ ನೀರು ಮುಟ್ಟುತ್ತಿದೆಯೇ ನೋಡಿ.

ಎಷ್ಟೋ ಚಟ್ಟಿಗಳಲ್ಲಿ ಮಣ್ಣು ಗಟ್ಟಿಯಾಗಿ ಅಂಚು ಬಿಟ್ಟಿರುತ್ತದೆ. ಹೊಯ್ದ ನೀರು ಬದಿಯಿಂದಲೇ ಇಳಿದು ತೂತಿನಲ್ಲಿ ಹೋಗುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಅಂಥ ಚಟ್ಟಿಯನ್ನು ಬಾಲ್ದಿ ನೀರಿನಲ್ಲಿ ಮುಳುಗಿಸಿಡಿ. ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿ, ನೀರು ಬಸಿದು, ನಾಲ್ಕು ದಿನ ನೆರಳಿನಲ್ಲಿಡಿ. ಗಿಡ ಸತ್ತಂತೆ ಕಂಡರೆ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಅದು ಬದುಕೀತು. ಒಂದು ವರ್ಷ ನಾನು ಅವಸರಪಟ್ಟು ಒಣ ಮಣ್ಣಿಗೇ ನೆಲಗಡಲೆ ಹಿಂಡಿ ಹಾಕಿ ಹನ್ನೆರಡು ಗುಲಾಬಿ ಕಳೆದುಕೊಂಡೆ. ಇಂದಿಗೂ ಆ ಸಂಕಟ ಹೋಗಿಲ್ಲ. ಹೊಸ ಚಿಗುರು ಕಂಡ ಮೇಲೆ ಒಂದು ಹಿಡಿ ಪುಡಿಯಾದ ಹಟ್ಟಿಗೊಬ್ಬರ (ಕೊಟ್ಟಿಗೆ ಗೊಬ್ಬರ) ಸಾಕು.

ದಾಸವಾಳ, ಕೇಪಳದ ಒಣ ಕಡ್ಡಿಗಳನ್ನು ಕತ್ತರಿಸಿ. ಶಂಕರಪುರದ ಮಲ್ಲಿಗೆಗೆ ಮಾತ್ರ ಈಗ ಕತ್ತರಿ ಹಾಕಬೇಡಿ, ಅದಕ್ಕಿದು ಹೂವಿನ ಕಾಲ. ಚಿಗುರಿನಲ್ಲಿ ಬಿಳಿ ಹಿಟ್ಟಿನಂಥ ತಿಗಣೆ ಇದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಇರುವೆ ಸಾಲನ್ನೂ ತಪ್ಪಿಸಿ. ಅವು ತಿಗಣೆಯನ್ನು ಕಾಯುತ್ತವೆ.

ಅಂಗಳ ಗುಡಿಸಿದ ತರಗೆಲೆಗೆ ದಯವಿಟ್ಟು ಬೆಂಕಿ ಕೊಡಬೇಡಿ. ಗಿಡದ ಬುಡಕ್ಕೆ ಅದೇ ಮುಚ್ಚಿಗೆ. ತೆಂಗಿನ ಸಿಪ್ಪೆ ಹಾಸುವುದಾದರೆ ಬೆನ್ನು ಮೇಲೆ ಮಾಡಿ, ಇಲ್ಲವಾದರೆ ಬೇಸಿಗೆಯ ಅಡ್ಡಮಳೆಗೆ ನೀರು ನಿಂತು ಸೊಳ್ಳೆಯಾಗುತ್ತದೆ.

ನರ್ಸರಿಯ ಕೆಲಸವೆಂದರೆ ನನಗೆ ಈಗ ಒಳ್ಳೆಮೆಣಸು, ಅಂದರೆ ಕರಿಮೆಣಸು. ಬುಡದಲ್ಲಿ ನೆಲಕ್ಕೆ ಹರಿಯುವ ಬಳ್ಳಿಯನ್ನು ಫೆಬ್ರವರಿ, ಮಾರ್ಚಿನಲ್ಲಿ ಕೊಯ್ದು, ಎರಡು ಮೂರು ಗಂಟಿನ ತುಂಡು ಮಾಡಿ, ಎಲೆ ಚಿವುಟಿ, ಒಂದು ಗಂಟಾದರೂ ಮಣ್ಣಿನೊಳಗೆ ಇರುವಂತೆ ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ನೆಡಿ. ಎರಡು ಪಾಲು ಮಣ್ಣು, ಒಂದು ಪಾಲು ಹೊಯಿಗೆ (ಮರಳು), ಒಂದು ಪಾಲು ಹಟ್ಟಿಗೊಬ್ಬರ. ತೊಟ್ಟೆಗೆ ತೂತು ಮರೆಯಬೇಡಿ. ಮೇಲೆ ಮಡಲಿನ (ತೆಂಗಿನ ಗರಿಯ) ಚಪ್ಪರ ಇರಲಿ, ನೀರು ಕೈಯಿಂದ ಚಿಮುಕಿಸಿದರೆ ಸಾಕು. ಮೇ ಕೊನೆಗೆ ಮಡಲನ್ನು ಒಂದೊಂದಾಗಿ ತೆಗೆದು ಸಸಿಗೆ ಬೆಳಕು ಅಭ್ಯಾಸ ಮಾಡಿಸಿ. ಜೂನಿನಲ್ಲಿ ಮಳೆ ಹಿಡಿದು ನೆಲ ನೆನೆದ ಮೇಲೆ ಮರದ ಬುಡಕ್ಕೆ ಹೋಗಲಿ.